ಖಿನ್ನತೆ ಬಂದರೆ ಪಾಸ್ಟರ್ ಬಳಿ ಹೋಗಬೇಕೋ, ಡಾಕ್ಟರ್ ಬಳಿ ಹೋಗಬೇಕೋ?

ವೈಟ್‌ಫೀಲ್ಡ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಯುವತಿಯನ್ನು ಊಹಿಸಿಕೊಳ್ಳೋಣ. ಮೂರು ತಿಂಗಳಿಂದ ನಿದ್ದೆ ಸರಿಯಿಲ್ಲ, ಊಟ ರುಚಿಸುವುದಿಲ್ಲ, ಕೆಲಸದಲ್ಲಿ ತಪ್ಪುಗಳಾಗುತ್ತಿವೆ. ಪ್ರಾರ್ಥನೆಗೆ ಕುಳಿತರೂ ಮನಸ್ಸು ನಿಲ್ಲುವುದಿಲ್ಲ. ಪಿಜಿಯಲ್ಲಿ ಜೊತೆಗಿರುವ ಗೆಳತಿಗೆ ಹೇಳಿದರೆ "ಡಾಕ್ಟರನ್ನು ನೋಡು" ಎನ್ನುತ್ತಾಳೆ. ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದರೆ "ಪಾಸ್ಟರ್ ಹತ್ರ ಹೋಗಿ ಪ್ರಾರ್ಥನೆ ಮಾಡಿಸ್ಕೋ, ಎಲ್ಲ ಸರಿ ಹೋಗುತ್ತೆ" ಎನ್ನುತ್ತಾರೆ. ಇಬ್ಬರಿಗೂ ಅವಳ ಮೇಲೆ ಪ್ರೀತಿಯಿದೆ. ಆದರೆ ಅವಳು ಯಾರ ಮಾತು ಕೇಳಬೇಕು?

ಇದು ಅವಳೊಬ್ಬಳ ಪ್ರಶ್ನೆಯಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂತಹ ಕಡೆ ಕೆಲಸಕ್ಕೆಂದು ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಲ್ಲಿ ಈ ಗೊಂದಲ ಸಾಮಾನ್ಯ. "ನಂಬಿಕೆ ಗಟ್ಟಿಯಿದ್ದರೆ ಖಿನ್ನತೆ ಬರುವುದಿಲ್ಲ" ಎಂದು ಒಂದು ಕಡೆಯವರು ಹೇಳಿದರೆ, "ಚರ್ಚಿನಲ್ಲಿ ನಡೆಯುವ ಕೌನ್ಸೆಲಿಂಗ್ ಎಲ್ಲ ಬರೀ ಮೂಢನಂಬಿಕೆ" ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಯಾವುದು ಎಷ್ಟು ನಿಜ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಖಿನ್ನತೆ ಎಂದರೆ ಬರೀ ಬೇಜಾರಲ್ಲ

ಕೆಲಸ ಹೋದಾಗ, ಹತ್ತಿರದವರು ತೀರಿಕೊಂಡಾಗ ದುಃಖವಾಗುವುದು ಸಹಜ. ವೈದ್ಯರು ಖಿನ್ನತೆ ಎಂದು ಕರೆಯುವುದು ಇದನ್ನಲ್ಲ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ, ಸಂತೋಷ ಇಲ್ಲದಿರುವುದು: ಇವೆರಡರಲ್ಲಿ ಒಂದಾದರೂ ಕನಿಷ್ಠ 2 ವಾರ, ದಿನದ ಹೆಚ್ಚು ಹೊತ್ತು ಇರಬೇಕು. ಅದರ ಜೊತೆಗೆ ನಿದ್ದೆ ಮತ್ತು ಹಸಿವಿನಲ್ಲಿ ಏರುಪೇರು, ಸುಸ್ತು, ಗಮನ ನಿಲ್ಲದಿರುವುದು, ಚಡಪಡಿಕೆ ಅಥವಾ ಮಂದತನ, ಅತಿಯಾದ ತಪ್ಪಿತಸ್ಥ ಭಾವನೆ, ಸಾವಿನ ಯೋಚನೆ ಇಂತಹ ಲಕ್ಷಣಗಳು ಸೇರುತ್ತವೆ. ಒಟ್ಟು 9 ಲಕ್ಷಣಗಳಲ್ಲಿ 5 ಇದ್ದು, ದಿನನಿತ್ಯದ ಬದುಕಿಗೆ ತೊಂದರೆಯಾಗುತ್ತಿದ್ದರೆ ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಅದರ ಪ್ರಕಾರ ಸುಮಾರು 20 ಮಂದಿಯಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡಿದೆ. ಖಿನ್ನತೆ ಇರುವವರಲ್ಲಿ ಸುಮಾರು 85% ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇವರೆಲ್ಲ ಸುಮ್ಮನೆ ಕುಳಿತಿರುತ್ತಾರೆ ಎಂದಲ್ಲ. ಹಲವರು ಬೇರೆ ಬಾಗಿಲು ತಟ್ಟುತ್ತಾರೆ, ಮತ್ತು ಆ ಬಾಗಿಲು ಬಹಳ ಸಲ ದೇವರ ಮನೆಯದಾಗಿರುತ್ತದೆ.

ನಂಬಿಕೆಯ ಮಾತಿನ ಹಿಂದೆ ಅಡಗುವ ಕಾಯಿಲೆ

ಭಕ್ತಿಯುಳ್ಳವರಿಗೆ ಖಿನ್ನತೆ ಬಂದಾಗ ಅದು ಭಕ್ತಿಯ ಭಾಷೆಯಲ್ಲೇ ಮಾತಾಡುತ್ತದೆ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ಯಾವುದರಲ್ಲೂ ಸಂತೋಷ ಸಿಗದಿರುವುದು ಖಿನ್ನತೆಯ ಮುಖ್ಯ ಲಕ್ಷಣ. ಹಾಡು ಕೇಳುವುದು, ಗೆಳೆಯರ ಜೊತೆ ಹರಟುವುದು ಹೇಗೆ ರುಚಿಸುವುದಿಲ್ಲವೋ ಹಾಗೆಯೇ ಪ್ರಾರ್ಥನೆ, ಆರಾಧನೆಯೂ ರುಚಿಸುವುದಿಲ್ಲ. ಕಾಯಿಲೆಗೆ ಒಳಗಾದವರು "ದೇವರು ದೂರ ಹೋಗಿದ್ದಾರೆ" ಎನ್ನುತ್ತಾರೆ. ಸುತ್ತಲಿನವರು "ನಂಬಿಕೆಯಲ್ಲಿ ತಣ್ಣಗಾಗಿದ್ದಾರೆ" ಎನ್ನುತ್ತಾರೆ. ಆದರೆ ನಡೆದಿರುವುದು ಇಷ್ಟೇ: ಯಾವುದರಿಂದಲೂ ಸಂತೋಷ ಪಡೆಯಲಾಗದ ಸ್ಥಿತಿಗೆ ಮಿದುಳು ಬಂದಿದೆ.

ಇನ್ನೊಂದು ಲಕ್ಷಣ ಅತಿಯಾದ ತಪ್ಪಿತಸ್ಥ ಭಾವನೆ. ನಿಜವಾಗಿ ತಪ್ಪು ಮಾಡಿದವರಿಗೆ ಕ್ಷಮೆ ಕೇಳಿದ ಮೇಲೆ ಮನಸ್ಸು ಹಗುರವಾಗುತ್ತದೆ. ಖಿನ್ನತೆಯ ಅಪರಾಧ ಭಾವ ಹಾಗಲ್ಲ. ಪಾಪನಿವೇದನೆ ಮಾಡಿ ಬಂದ ಮರುದಿನವೇ ಮತ್ತೆ ಅದೇ ಭಾರ. ಹತ್ತು ವರ್ಷದ ಹಿಂದಿನ ಸಣ್ಣ ತಪ್ಪು ಬೆಟ್ಟದಷ್ಟಾಗಿ ಕಾಣುತ್ತದೆ. ಎಷ್ಟು ಸಲ ಕ್ಷಮೆ ಕೇಳಿದರೂ ಸಮಾಧಾನ ಸಿಗುತ್ತಿಲ್ಲ ಎಂದರೆ, ಪಾಪ ದೊಡ್ಡದು ಎಂದುಕೊಳ್ಳುವ ಮೊದಲು ಇದು ಕಾಯಿಲೆಯಿರಬಹುದೇ ಎಂದು ಯೋಚಿಸಬೇಕು.

ಹಾಗಾಗಿ "ನಂಬಿಕೆ ಕಡಿಮೆಯಾದ್ದರಿಂದ ಖಿನ್ನತೆ ಬಂತು" ಎನ್ನುವವರು ಬಹುತೇಕ ಸಲ ಕಾರಣ ಮತ್ತು ಪರಿಣಾಮವನ್ನು ಅದಲುಬದಲು ಮಾಡಿರುತ್ತಾರೆ. ಗಟ್ಟಿ ನಂಬಿಕೆಯವರನ್ನೂ ಖಿನ್ನತೆ ಬಿಟ್ಟಿಲ್ಲ. 19ನೇ ಶತಮಾನದಲ್ಲಿ ಲಂಡನ್ನಿನಲ್ಲಿ ಸಾವಿರಾರು ಜನರಿಗೆ ಬೋಧಿಸುತ್ತಿದ್ದ ಚಾರ್ಲ್ಸ್ ಸ್ಪರ್ಜನ್ ತಮ್ಮ ಖಿನ್ನತೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದರು. ಬೈಬಲ್ಲಿನಲ್ಲೇ ಪ್ರವಾದಿ ಎಲೀಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಆಗ ಬಂದ ದೇವದೂತ ಅವನನ್ನು ಗದರಿಸುವುದಿಲ್ಲ, ಉಪವಾಸ ಮಾಡು ಎನ್ನುವುದಿಲ್ಲ. ಮಲಗಿದ್ದವನನ್ನು ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಎಬ್ಬಿಸಿ ಊಟ ಮಾಡಿಸುತ್ತಾನೆ. ಉಳಿದ ಮಾತುಕತೆಯೆಲ್ಲ ಆಮೇಲೆ.

ಜನ ಮೊದಲು ಚರ್ಚಿಗೇ ಏಕೆ ಹೋಗುತ್ತಾರೆ?

ಇದಕ್ಕೆ ಬರೀ ಭಕ್ತಿ ಕಾರಣವಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವವರಿಗೆ ಆಸ್ಪತ್ರೆಗೆ ಹೋಗಲು ರಜೆ ಹಾಕಬೇಕು, ಸಂಬಳ ಕಡಿತವಾಗಬಹುದು. ಐಟಿ ಕಂಪನಿಯವರಿಗೆ "ಎಚ್ಆರ್‌ಗೆ ಗೊತ್ತಾದರೆ?" ಎಂಬ ಭಯ. ಮನೆಯವರಿಗೆ "ಮದುವೆ ಮಾತುಕತೆಗೆ ತೊಂದರೆಯಾದರೆ?" ಎಂಬ ಚಿಂತೆ. ಚರ್ಚು ಹತ್ತಿರದಲ್ಲಿದೆ, ಫೀಸು ಇಲ್ಲ, ತಮ್ಮದೇ ಭಾಷೆಯಲ್ಲಿ ಮಾತಾಡಬಹುದು, ಹೋದರೆ ಯಾರೂ ಹುಚ್ಚು ಎನ್ನುವುದಿಲ್ಲ. ಊರು ಬಿಟ್ಟು ಬಂದವರಿಗೆ ವಾರಕ್ಕೊಮ್ಮೆ ಹೆಸರು ಹಿಡಿದು "ಹೇಗಿದ್ದೀಯಮ್ಮ?" ಎಂದು ಕೇಳುವವರು ಸಿಗುವುದೂ ಅಲ್ಲೇ.

ಇದನ್ನು ಹಗುರವಾಗಿ ಕಾಣಬಾರದು. ಒಂಟಿತನ ಖಿನ್ನತೆಯನ್ನು ಹೆಚ್ಚಿಸುತ್ತದೆ. ಕೇಳಿಸಿಕೊಳ್ಳುವ ಒಬ್ಬರು, ಬಾಗಿಲು ತಟ್ಟಿ ಊಟ ತಂದುಕೊಡುವ ನಾಲ್ಕು ಜನ ಇದ್ದರೆ ಅದು ನಿಜವಾದ ಸಹಾಯ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಿಗುವ ಕೆಲವೇ ನಿಮಿಷಗಳಲ್ಲಿ ಇದು ಸಿಗುವುದಿಲ್ಲ.

ಎಲ್ಲ ಕ್ರೈಸ್ತ ಆಪ್ತಸಮಾಲೋಚನೆ ಒಂದೇ ಅಲ್ಲ

ಬೋರ್ಡಿನಲ್ಲಿ ಒಂದೇ ಹೆಸರಿದ್ದರೂ ಒಳಗೆ ನಡೆಯುವುದು ಬೇರೆ ಬೇರೆ. ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು, ಸಭೆಯ ಅಯ್ಯನವರೋ ಫಾದರೋ ಪಾಸ್ಟರೋ ಮಾಡುವ ಆರೈಕೆ. ಮನೆಗೆ ಬರುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಪ್ರಾರ್ಥಿಸುತ್ತಾರೆ. ಇದು ಚಿಕಿತ್ಸೆಯಲ್ಲ, ಒಳ್ಳೆಯವರು ಹಾಗೆಂದು ಹೇಳಿಕೊಳ್ಳುವುದೂ ಇಲ್ಲ.

ಎರಡನೆಯದು, ಮನಸ್ಸಿನ ತೊಂದರೆಗಳಿಗೆ ಬೈಬಲ್ ಒಂದೇ ಸಾಕು ಎನ್ನುವ ಬಗೆ. ಅಮೆರಿಕದ ಜೇ ಆಡಮ್ಸ್ ಎಂಬ ಪಾದ್ರಿ 1970ರಲ್ಲಿ ಬರೆದ ಪುಸ್ತಕದಿಂದ ಇದು ಜನಪ್ರಿಯವಾಯಿತು. ದೇಹದ ಕಾಯಿಲೆ ಇಲ್ಲದಿದ್ದರೆ ಇಂತಹ ತೊಂದರೆಗಳ ಬೇರು ಬಹುಪಾಲು ಪಾಪದಲ್ಲಿದೆ ಎನ್ನುವುದು ಅವರ ವಾದ. ಮುಂದೆ ಕ್ರೈಸ್ತ ಮನಶ್ಶಾಸ್ತ್ರಜ್ಞರೇ ಇದನ್ನು ಬಲವಾಗಿ ಟೀಕಿಸಿದರು.

ಮೂರನೆಯದು, ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ರೋಗಿಯ ನಂಬಿಕೆಯನ್ನೂ ಸೇರಿಸಿಕೊಂಡು ಮಾಡುವ ಚಿಕಿತ್ಸೆ. ಇದರ ಬುನಾದಿ ಸಾಮಾನ್ಯವಾಗಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ. "ದೇವರು ನನ್ನನ್ನು ಕೈಬಿಟ್ಟಿದ್ದಾರೆ" ಎನ್ನುವವರಿಗೆ ಚಿಕಿತ್ಸಕರು "ದೇವರ ವಿಷಯ ಬಿಡಿ" ಎನ್ನುವುದಿಲ್ಲ. ಈ ಯೋಚನೆ ಯಾವಾಗ ಬರುತ್ತದೆ, ಬಂದಾಗ ನೀವು ಏನು ಮಾಡುತ್ತೀರಿ, ನೀವು ನಂಬುವ ಗ್ರಂಥದಲ್ಲೇ ಯೋಬನೂ ಕೀರ್ತನೆಗಾರರೂ ಹೀಗೆ ಗೋಳಾಡಿದ್ದಾರಲ್ಲ, ಅವರನ್ನು ದೇವರು ಕೈಬಿಟ್ಟಿದ್ದರೆ ಎಂದು ಒಟ್ಟಿಗೆ ಕುಳಿತು ಪರಿಶೀಲಿಸುತ್ತಾರೆ.

ಅಧ್ಯಯನಗಳು ಏನು ಹೇಳುತ್ತವೆ?

ಈ ಮೂರನೆಯ ಬಗೆಯನ್ನು ಪರೀಕ್ಷೆಗೆ ಒಡ್ಡಲಾಗಿದೆ. 1992ರಲ್ಲಿ ರೆಬೆಕಾ ಪ್ರಾಪ್ಸ್ಟ್ ಮತ್ತು ಸಂಗಡಿಗರು ಖಿನ್ನತೆಯಿದ್ದ 59 ಕ್ರೈಸ್ತರ ಮೇಲೆ ನಡೆಸಿದ ಅಧ್ಯಯನದಲ್ಲಿ ನಂಬಿಕೆಯನ್ನು ಸೇರಿಸಿಕೊಂಡ ಸಿಬಿಟಿ ಒಳ್ಳೆಯ ಫಲ ಕೊಟ್ಟಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಧಾರ್ಮಿಕರಲ್ಲದ ಚಿಕಿತ್ಸಕರು ಇದನ್ನು ಮಾಡಿದಾಗಲೂ ಫಲಿತಾಂಶ ಚೆನ್ನಾಗಿತ್ತು. ಅಂದರೆ ಚಿಕಿತ್ಸಕರು ಅದೇ ಧರ್ಮದವರಾಗಿರಬೇಕು ಎಂದೇನಿಲ್ಲ, ರೋಗಿಯ ನಂಬಿಕೆಗೆ ಗೌರವ ಕೊಟ್ಟು ಕೆಲಸ ಬಲ್ಲವರಾಗಿದ್ದರೆ ಸಾಕು.

2015ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹೆರಾಲ್ಡ್ ಕೋನಿಗ್ ತಂಡ ದೀರ್ಘಕಾಲದ ದೈಹಿಕ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 132 ಜನರನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಸಾಮಾನ್ಯ ಸಿಬಿಟಿ, ಇನ್ನೊಂದಕ್ಕೆ ನಂಬಿಕೆ ಬೆರೆತ ಸಿಬಿಟಿ. ಒಟ್ಟಾರೆ ಎರಡೂ ಗುಂಪು ಸರಿಸುಮಾರು ಒಂದೇ ಮಟ್ಟಕ್ಕೆ ಸುಧಾರಿಸಿದವು. ತುಂಬ ಧಾರ್ಮಿಕರಾದವರಿಗೆ ಎರಡನೆಯದು ತುಸು ಹೆಚ್ಚು ಹೊಂದಿತು. ಆ ತಂಡ ಕ್ರೈಸ್ತರಿಗೆ ಮಾತ್ರವಲ್ಲ, ಹಿಂದೂ, ಮುಸ್ಲಿಂ, ಬೌದ್ಧ, ಯಹೂದಿ ನಂಬಿಕೆಯವರಿಗೂ ಇದೇ ಬಗೆಯ ಕೈಪಿಡಿ ಸಿದ್ಧಪಡಿಸಿತ್ತು.

ನಂಬಿಕೆಗೂ ಖಿನ್ನತೆಗೂ ಇರುವ ನಂಟಿನ ಬಗ್ಗೆ 147 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2003ರಲ್ಲಿ ಪ್ರಕಟವಾಯಿತು. ಧಾರ್ಮಿಕರಲ್ಲಿ ಖಿನ್ನತೆಯ ಲಕ್ಷಣಗಳು ತುಸು ಕಡಿಮೆ, ಆದರೆ ವ್ಯತ್ಯಾಸ ಬಹಳ ಸಣ್ಣದು ಎಂದು ಅದು ಹೇಳಿತು. ಜೊತೆಗೆ ಇನ್ನೊಂದು ಮಾತೂ ಇತ್ತು: "ದೇವರು ನನ್ನನ್ನು ಶಿಕ್ಷಿಸುತ್ತಿದ್ದಾರೆ" ಎಂಬಂತಹ ಯೋಚನೆಯಿರುವವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚು. ಹಾಗಾಗಿ ಸಮಾಧಾನ ಹೇಳಲು ಬಂದವರು "ಇದು ನಿನ್ನ ಪಾಪದ ಫಲ" ಎಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಅಪಾಯ ಎಲ್ಲಿದೆ?

ದೊಡ್ಡ ಅಪಾಯ ಮಾತ್ರೆ ನಿಲ್ಲಿಸುವುದು. ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಹುಷಾರಾದ ಮೇಲೂ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಮುಂದುವರಿಸಲು ವೈದ್ಯರು ಹೇಳುತ್ತಾರೆ. ನಿಲ್ಲಿಸುವಾಗಲೂ ನಿಧಾನವಾಗಿ ಕಡಿಮೆ ಮಾಡಬೇಕು. ಇದ್ದಕ್ಕಿದ್ದಂತೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಕಾಣಿಸಬಹುದು.

"ಪ್ರಾರ್ಥನೆ ಮಾಡಿಸಿದೆ, ಮಾತ್ರೆ ಬಿಟ್ಟೆ, ಈಗ ಚೆನ್ನಾಗಿದ್ದೇನೆ" ಎಂದು ಸಭೆಯ ಮುಂದೆ ಸಾಕ್ಷಿ ಹೇಳುವವರು ಸುಳ್ಳು ಹೇಳುತ್ತಿದ್ದಾರೆಯೇ? ಹಾಗಲ್ಲ. ಅವರಿಗೆ ನಿಜವಾಗಿಯೂ ಚೆನ್ನಾಗಿ ಅನ್ನಿಸುತ್ತಿರಬಹುದು. ಆದರೆ ಬಿಟ್ಟ ಮಾತ್ರೆಯಿಂದ ಕಾಯಿಲೆ ಮರಳುವುದು ಮರುದಿನವಲ್ಲ, ವಾರಗಳ ಅಥವಾ ತಿಂಗಳುಗಳ ನಂತರ. ಅಷ್ಟರಲ್ಲಿ ಸಾಕ್ಷಿ ಹೇಳಿ ಆಗಿರುತ್ತದೆ. ಮತ್ತೆ ಕುಸಿದಾಗ ಅದನ್ನು ಅದೇ ವೇದಿಕೆಯ ಮೇಲೆ ನಿಂತು ಹೇಳಲು ಯಾರಿಗೆ ತಾನೇ ಧೈರ್ಯ ಬರುತ್ತದೆ? ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಡಬಹುದು. ಅಲ್ಲಿಗೆ ಚಿಕಿತ್ಸೆಯೂ ಇಲ್ಲ, ಜೊತೆಗಾರರೂ ಇಲ್ಲ.

ಎರಡನೆಯದು ಉಪವಾಸ ಮತ್ತು ಇಡೀ ರಾತ್ರಿಯ ಪ್ರಾರ್ಥನೆ. ಆರೋಗ್ಯವಾಗಿರುವವರಿಗೆ ಇದು ಅವರವರ ಭಕ್ತಿ. ಆದರೆ ಮೊದಲೇ ಹಸಿವು ನಿದ್ದೆ ಕಳೆದುಕೊಂಡವರಿಗೆ, ಅದರಲ್ಲೂ ರಾತ್ರಿ ಪಾಳಿ ಮಾಡುವವರಿಗೆ, ಇದು ಇನ್ನಷ್ಟು ಕುಗ್ಗಿಸುತ್ತದೆ. ಬೈಪೋಲಾರ್ ಕಾಯಿಲೆ ಇರುವವರಲ್ಲಿ ನಿದ್ದೆಗೆಟ್ಟರೆ ಉನ್ಮಾದದ ಹಂತ ಶುರುವಾಗಬಹುದು. ಆಗ ನಿದ್ದೆಯೇ ಬೇಡವೆನ್ನಿಸುವ ಹುರುಪು, ನಿಲ್ಲದ ಮಾತು, ಕೈಗೆ ಬಂದಂತೆ ಖರ್ಚು ಕಾಣಿಸುತ್ತವೆ. ಸುತ್ತಲಿನವರು ಇದನ್ನು ಆತ್ಮಿಕ ಉಜ್ಜೀವನವೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ.

ಮೂರನೆಯದು, ಬೇರೆ ಕಾಯಿಲೆಗಳು ಕಣ್ತಪ್ಪುವುದು. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ಬಿ12 ವಿಟಮಿನ್ ಕೊರತೆಯಾದರೆ ಖಿನ್ನತೆಯಂತೆಯೇ ಕಾಣುವ ಲಕ್ಷಣಗಳು ಬರುತ್ತವೆ. ಹೆರಿಗೆಯ ನಂತರವೂ ಖಿನ್ನತೆ ಬರುತ್ತದೆ. ಇವಕ್ಕೆಲ್ಲ ರಕ್ತಪರೀಕ್ಷೆ, ವೈದ್ಯರ ತಪಾಸಣೆ ಬೇಕು. ಎಷ್ಟೇ ಒಳ್ಳೆಯ ಸಮಾಲೋಚಕರಾದರೂ ಮಾತಾಡಿ ಇದನ್ನು ಕಂಡುಹಿಡಿಯಲಾರರು.

ನಾಲ್ಕನೆಯದು ಗುಟ್ಟು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿಷಯವನ್ನು ಗೋಪ್ಯವಾಗಿಡುವ ಹೊಣೆಯನ್ನು ಚಿಕಿತ್ಸೆ ಕೊಡುವ ಆರೋಗ್ಯ ವೃತ್ತಿಪರರ ಮೇಲೆ ಹೊರಿಸಿದೆ. ಕ್ಯಾಥೊಲಿಕ್ ಪಾಪನಿವೇದನೆಗೂ ಕಟ್ಟುನಿಟ್ಟಿನ ಮೌನದ ನಿಯಮವಿದೆ. ಆದರೆ ಪ್ರಾರ್ಥನಾ ಗುಂಪಿನಲ್ಲಿ ಹೇಳಿಕೊಂಡ ವಿಷಯ "ಈ ತಂಗಿಗಾಗಿ ಪ್ರಾರ್ಥಿಸಿರಿ" ಎಂದು ವಾಟ್ಸ್ಆ್ಯಪ್‌ನಲ್ಲಿ ಐವತ್ತು ಜನರಿಗೆ ತಲುಪಲು ಐದು ನಿಮಿಷ ಸಾಕು. ಕಳಿಸಿದವರ ಉದ್ದೇಶ ಒಳ್ಳೆಯದೇ, ಆದರೆ ಹೇಳಿಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ.

ಪಾದ್ರಿ ಮತ್ತು ಡಾಕ್ಟರ್ ಜೊತೆಗೂಡಿದ ಉದಾಹರಣೆ ಇಲ್ಲೇ ಇದೆ

ಪ್ರಾರ್ಥನೆ ಅಥವಾ ಮಾತ್ರೆ, ಎರಡರಲ್ಲಿ ಒಂದನ್ನೇ ಆರಿಸಬೇಕು ಎಂಬುದೇ ತಪ್ಪು ಪ್ರಶ್ನೆ. ಬೆಂಗಳೂರಿಗೆ ಇದು ಆರು ದಶಕದ ಹಿಂದೆಯೇ ಗೊತ್ತಿತ್ತು. 1964ರಲ್ಲಿ ಇಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಎಂಬ ಸಂಸ್ಥೆ ಶುರುವಾಯಿತು. ವೈದ್ಯಕೀಯ ಮತ್ತು ಪಾದ್ರಿಗಳ ಆರೈಕೆ ಎರಡೂ ಅದರ ಹೆಸರಿನಲ್ಲೇ ಇವೆ. ಆಸ್ಪತ್ರೆಯಿಂದ ಬಿಡುಗಡೆಯಾದರೂ ನೇರವಾಗಿ ಮನೆಗೆ ಹೋಗಲಾಗದ ಮಾನಸಿಕ ರೋಗಿಗಳಿಗಾಗಿ ದೇಶದ ಮೊದಮೊದಲ ಹಾಫ್‌ವೇ ಹೋಮ್ ನಡೆಸಿದ್ದು ಇದೇ ಸಂಸ್ಥೆ. ಆತ್ಮಹತ್ಯೆ ತಡೆಗಾಗಿ 'ಸಹಾಯ್' ಸಹಾಯವಾಣಿಯನ್ನು ನಿಮ್ಹಾನ್ಸ್ ಜೊತೆಗೂಡಿ ನಡೆಸಿದ್ದೂ ಇದೇ.

ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು 1963ರಲ್ಲಿ ಶುರುಮಾಡಿದ್ದು ಕ್ಯಾಥೊಲಿಕ್ ಬಿಷಪ್ಪರ ಒಕ್ಕೂಟ. ಅಲ್ಲಿನ ಆಸ್ಪತ್ರೆಯಲ್ಲಿ ಪ್ರಾರ್ಥನಾಲಯವೂ ಇದೆ, ಮನೋವೈದ್ಯಕೀಯ ವಿಭಾಗವೂ ಇದೆ. ಚರ್ಚು ಕಟ್ಟಿದ ಆಸ್ಪತ್ರೆಯಲ್ಲೇ ಖಿನ್ನತೆಗೆ ಮಾತ್ರೆ ಬರೆದುಕೊಡುತ್ತಾರೆ ಎಂದರೆ, ಮಾತ್ರೆ ನುಂಗುವುದು ನಂಬಿಕೆದ್ರೋಹ ಹೇಗಾದೀತು?

ಬೇರೆ ಧರ್ಮದವರಲ್ಲೂ ಇಂತಹ ಪ್ರಯತ್ನ ನಡೆದಿದೆ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಎಂಬ ಕಾರ್ಯಕ್ರಮವಿದೆ. ಹರಕೆಗೆಂದು ಬಂದವರನ್ನು ದರ್ಗಾದವರೇ ಪಕ್ಕದಲ್ಲಿರುವ ಮನೋವೈದ್ಯರ ಬಳಿ ಕಳಿಸುತ್ತಾರೆ. ಪ್ರಾರ್ಥನೆ ನಿಲ್ಲುವುದಿಲ್ಲ, ಔಷಧಿಯೂ ತಪ್ಪುವುದಿಲ್ಲ.

ಸಮಾಲೋಚಕರ ಬಳಿ ಹೋಗುವ ಮುನ್ನ ಏನು ಕೇಳಬೇಕು?

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಬರೀ 'ಕೌನ್ಸೆಲರ್' ಎಂಬ ಬೋರ್ಡಿನಿಂದ ಅವರ ತರಬೇತಿ ಏನೆಂದು ತಿಳಿಯುವುದಿಲ್ಲ. ಹಾಗಾಗಿ ಸಂಕೋಚವಿಲ್ಲದೆ ಈ ಪ್ರಶ್ನೆಗಳನ್ನು ಕೇಳಿ:

- ನೀವು ಎಲ್ಲಿ, ಏನು ಓದಿದ್ದೀರಿ? ನೋಂದಣಿ ಸಂಖ್ಯೆ ಇದೆಯೇ?
- ನನಗೆ ಮಾತ್ರೆ ಬೇಕೆನ್ನಿಸಿದರೆ ಯಾವ ಮನೋವೈದ್ಯರ ಬಳಿ ಕಳಿಸುತ್ತೀರಿ?
- ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಬಗ್ಗೆ ಏನು ಹೇಳುತ್ತೀರಿ? ("ಅದನ್ನು ನಿಮ್ಮ ಡಾಕ್ಟರ್ ತೀರ್ಮಾನಿಸಬೇಕು" ಎಂಬುದೊಂದೇ ಸರಿಯಾದ ಉತ್ತರ.)
- ನಾನು ಹೇಳಿದ್ದು ಯಾರ ಕಿವಿಗೆ ಬೀಳುತ್ತದೆ?
- ಸಾಯುವ ಯೋಚನೆ ಬಂದರೆ ನೀವು ಏನು ಮಾಡುತ್ತೀರಿ?

ಎರಡನೇ ಪ್ರಶ್ನೆಗೆ ತಟ್ಟನೆ ಒಂದು ಹೆಸರು ಹೇಳುವವರು ನಂಬಲು ಯೋಗ್ಯರು. "ಅದರ ಅಗತ್ಯವೇ ಬರುವುದಿಲ್ಲ" ಎನ್ನುವವರ ಬಳಿಯಿಂದ ಎದ್ದು ಬನ್ನಿ. ತನ್ನ ಕೈಯಲ್ಲಿ ಆಗುವುದು ಎಷ್ಟು ಎಂದು ಗೊತ್ತಿರುವುದೇ ಒಳ್ಳೆಯ ಸಮಾಲೋಚಕರ ಗುರುತು.

ಎಲ್ಲಿಗೆ ಹೋಗಬಹುದು?

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರ್ 10ರಂದು ಶುರುಮಾಡಿತು. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ಪಾಳಿ ಮುಗಿಸಿ ಮಧ್ಯರಾತ್ರಿ ರೂಮಿಗೆ ಬಂದವರಿಗೂ ಇದು ಸಿಗುತ್ತದೆ. ಹೊಸೂರು ರಸ್ತೆಯಲ್ಲೇ ಇರುವ ನಿಮ್ಹಾನ್ಸ್ ಎಲೆಕ್ಟ್ರಾನಿಕ್ ಸಿಟಿಯವರಿಗೆ ನೇರ ದಾರಿ. ಆಸ್ಪತ್ರೆ ಎಂದರೆ ಅಳುಕುವವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರವಿದೆ. ಪೀಣ್ಯದ ಕಡೆಯವರಲ್ಲಿ ಇಎಸ್ಐ ಕಾರ್ಡ್ ಇರುವವರು ರಾಜಾಜಿನಗರದ ಇಎಸ್ಐ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು. ಮಾನಸಿಕ ಕಾಯಿಲೆಯ ಚಿಕಿತ್ಸೆಯೂ ಇಎಸ್ಐ ಸೌಲಭ್ಯದೊಳಗೇ ಬರುತ್ತದೆ.

ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ಕರೆದೊಯ್ಯದೆ ಮನೆಯಲ್ಲೇ ಪ್ರಾರ್ಥಿಸುತ್ತ ಕೂರಬೇಡಿ. 2017ರ ಕಾಯ್ದೆಯ ಪ್ರಕಾರ ಅಂತಹವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಸಾಯುವ ಮಾತಾಡುತ್ತಿರುವವರನ್ನು ಒಂಟಿಯಾಗಿ ಬಿಡಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಇನ್ನು ವೈಟ್‌ಫೀಲ್ಡ್‌ನ ಆ ಯುವತಿಯ ವಿಷಯ. ಅವಳು ಅಮ್ಮನ ಮಾತೂ ಕೇಳಬಹುದು, ಗೆಳತಿಯ ಮಾತೂ ಕೇಳಬಹುದು. ಭಾನುವಾರ ಪಾಸ್ಟರ್ ಬಳಿ ಹೋಗಿ ಪ್ರಾರ್ಥನೆ ಮಾಡಿಸಿಕೊಳ್ಳಲಿ, ಸೋಮವಾರ ಡಾಕ್ಟರ್ ಬಳಿ ಹೋಗಲಿ. ಪಾಸ್ಟರ್ ಒಳ್ಳೆಯವರಾಗಿದ್ದರೆ ಪ್ರಾರ್ಥನೆ ಮುಗಿಸಿ ಅವರೇ ಕೇಳುತ್ತಾರೆ: "ನಾಳೆ ಆಸ್ಪತ್ರೆಗೆ ಜೊತೆಗೆ ಯಾರು ಬರ್ತಾರಮ್ಮ? ಯಾರೂ ಇಲ್ಲದಿದ್ದರೆ ಸಭೆಯ ಒಬ್ಬ ಅಕ್ಕನನ್ನು ಕಳಿಸ್ತೀನಿ."